ಕಚ್ಚಲು ಕಲಿಸುವ ಮೊದಲು ಬಿಡಲು ಕಲಿಸಿದೆ

ತೋಟದ ಮನೆಗೆ ಕಾವಲಿಗೆ ನಾಯಿ ಬೇಕು ಅಂದರೆ ನಮ್ಮ ಮೂಡಿಗೆರೆ ಕಡೆ ಎಲ್ಲರೂ ಹೇಳುವ ಕ್ರಮ ಒಂದೇ. ದೊಡ್ಡ ಜಾತಿಯ ಮರಿ ತನ್ನಿ, ಹಗಲೆಲ್ಲ ಗೂಡಿನಲ್ಲಿ ಕೂಡಿಹಾಕಿ, ಯಾರನ್ನೂ ಹತ್ತಿರ ಸೇರಿಸಬೇಡಿ, ರಾತ್ರಿ ಬಿಡಿ. ಹಸಿಮೆಣಸು ತಿನ್ನಿಸಿದರೆ ಇನ್ನೂ ಜೋರಾಗುತ್ತದಂತೆ! ಹೀಗೆ ಬೆಳೆದ ನಾಯಿ ಜೋರಾಗುವುದಿಲ್ಲ, ಪುಕ್ಕಲಾಗುತ್ತದೆ. ಹೆದರಿ ಕಚ್ಚುವ ನಾಯಿಗೆ ಕಳ್ಳನೂ ಒಂದೇ, ಪೋಸ್ಟ್‌ಮ್ಯಾನೂ ಒಂದೇ. ಕಳ್ಳ ದೊಣ್ಣೆ ಎತ್ತಿದರೆ ಮೊದಲು ಓಡುವುದೂ ಅದೇ.

ನನ್ನ ಯಜಮಾನರು ವಾರವೆಲ್ಲ ಬೆಂಗಳೂರಿನಲ್ಲಿ. ಮನೆಯಲ್ಲಿ ನಾನು, ಅತ್ತೆ, ಶಾಲೆಗೆ ಹೋಗುವ ಮಗಳು. ಕೊಯ್ಲು ಶುರುವಾದರೆ ಕಣದ ತುಂಬ ಕಾಫಿ, ಅದು ಮುಗಿಯುವಷ್ಟರಲ್ಲಿ ಕಾಳುಮೆಣಸು. ಬೊಗಳುವುದಕ್ಕೆ ಅತ್ತೆಯ ಕಂತ್ರಿ ನಾಯಿಗಳೇ ಸಾಕು, ತರಗೆಲೆ ಅಲುಗಿದರೂ ಊರಿಗೆಲ್ಲ ಹೇಳುತ್ತವೆ. ನನಗೆ ಬೇಕಾಗಿದ್ದು ಜೊತೆಯಲ್ಲಿ ತೋಟ ಸುತ್ತುವ, ಹೇಳಿದಾಗ ಎದುರು ನಿಲ್ಲುವ, ಸಾಕು ಅಂದಾಗ ಸುಮ್ಮನಾಗುವ ನಾಯಿ. ಜರ್ಮನ್ ಶೆಫರ್ಡ್ ಹೆಣ್ಣುಮರಿ ತಂದೆವು, ಹೆಸರು ಜೂಲಿ. ತರುವ ಮೊದಲು ಅದರ ತಾಯಿಯನ್ನು ನೋಡಿಬಂದಿದ್ದೆ. ಹೊಸಬರನ್ನು ಕಂಡು ಮೂಲೆ ಸೇರುವ ತಾಯಿಯಾಗಿದ್ದರೆ ಮರಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬರುತ್ತಿದ್ದೆ.

ಮರಿಗೆ ಸುಮಾರು 3ರಿಂದ 14 ವಾರ ತುಂಬುವವರೆಗಿನ ಕಾಲ ಬಹಳ ಮುಖ್ಯ. ಆಗ ಕಂಡು ಕೇಳಿದ್ದೆಲ್ಲ ಅದಕ್ಕೆ ಮಾಮೂಲಾಗುತ್ತದೆ, ಕಾಣದೆ ಹೋದದ್ದಕ್ಕೆ ಮುಂದೆ ಬೆಚ್ಚುತ್ತದೆ. ಲಸಿಕೆ ಪೂರ್ತಿ ಆಗದ ಮರಿಯನ್ನು ಬೀದಿಯಲ್ಲಿ ಇಳಿಸುವ ಹಾಗಿಲ್ಲ. ಅದಕ್ಕೇ ಜೀಪಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಕೊಟ್ಟಿಗೆಹಾರಕ್ಕೆ ಹೋಗುತ್ತಿದ್ದೆ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸು, ಹಾರನ್ನು, ನೀರುದೋಸೆಗೆ ಮುಗಿಬೀಳುವ ಜನ, ಎಲ್ಲವನ್ನೂ ಸುಮ್ಮನೆ ನೋಡಲಿ ಅಂತ. ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಸದ್ದು, ಕಳೆ ಹೊಡೆಯುವ ಮೆಷಿನ್ನು, ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬರುವ ಆಳುಗಳು. ಕೊಪ್ಪೆ ಹಾಕಿದ ಮನುಷ್ಯ ನಾಯಿಯ ಕಣ್ಣಿಗೆ ಮನುಷ್ಯನ ಹಾಗೆ ಕಾಣುವುದೇ ಇಲ್ಲ, ನಮ್ಮಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆಮೇಲೆ ತಿಂಗಳುಗಟ್ಟಲೆ ಕೂರು, ನಿಲ್ಲು, ಬಾ, ಪಕ್ಕದಲ್ಲೇ ನಡಿ. ಬೇಸರದ ಕೆಲಸ. ಆದರೆ 'ಬಾ' ಗಟ್ಟಿಯಾಗದ ನಾಯಿಯನ್ನು ಆನೆ ಓಡಾಡುವ ತೋಟದಲ್ಲಿ ಬಿಡಬಾರದು. ಅದು ಆನೆಯನ್ನು ಬೊಗಳಿ ಕೆಣಕಿ, ಆನೆ ಅಟ್ಟಿಸಿಕೊಂಡು ಬಂದಾಗ ನೇರ ನಿಮ್ಮ ಕಾಲಬುಡಕ್ಕೇ ಓಡಿಬರುತ್ತದೆ. ಚಿರತೆಯ ಮುಂದಂತೂ ಯಾವ ತರಬೇತಿಯೂ ನಡೆಯದು. ಕತ್ತಲಾದ ಮೇಲೆ ಜೂಲಿ ಮನೆಯೊಳಗೇ.

ಕಚ್ಚುವ ಪಾಠ ಶುರುವಾದದ್ದು ಒಂದೂವರೆ ವರ್ಷದ ಹೊತ್ತಿಗೆ, ಮೈ ಮನಸ್ಸು ಎರಡೂ ಬಲಿತ ಮೇಲೆ. ತರಬೇತುದಾರರನ್ನು ಹುಡುಕುವಾಗ ನನ್ನದು ಒಂದೇ ಪ್ರಶ್ನೆ: "ನಿಮ್ಮ ನಾಯಿ ಕಚ್ಚಿ ಹಿಡಿದದ್ದನ್ನು ದೂರದಿಂದಲೇ ಬಿಡಿಸಿ ತೋರಿಸ್ತೀರಾ?" ಒಬ್ಬರು ನಗುತ್ತಾ, "ಮೇಡಂ, ನಾಯಿನ ಎರಡು ತಿಂಗಳು ನಮ್ಮಲ್ಲಿ ಬಿಡಿ, ರೆಡಿ ಮಾಡಿ ಕೊಡ್ತೀವಿ" ಅಂದರು. ಅಲ್ಲಿಂದ ಎದ್ದು ಬಂದೆ. ನಾಯಿ ಅವರ ಮಾತು ಕೇಳಿ ನನಗೇನು ಪ್ರಯೋಜನ?

ಕೊನೆಗೆ ಸಿಕ್ಕವರು ಬಿಡಿಸಿ ತೋರಿಸಿದರು. ಅವರ ಕ್ರಮದಲ್ಲಿ ಮೊದಮೊದಲು ಎಲ್ಲ ಆಟವೇ. ದಪ್ಪ ಸೆಣಬಿನ ತೋಳುಕವಚ ಹಾಕಿದವರು ಓಡುತ್ತಾರೆ, ನಾಯಿ ಬೆನ್ನಟ್ಟಿ ಹಿಡಿಯುತ್ತದೆ. ನಾಯಿಗೆ 'ಔಟ್' (ಬಿಡು) ಅಂದ ಕೂಡಲೇ ಕವಚ ಹಾಕಿದವರು ಕಲ್ಲಿನ ಹಾಗೆ ನಿಂತುಬಿಡಬೇಕು. ಎಳೆದಾಟವಿಲ್ಲದ ತೋಳಿನಲ್ಲಿ ನಾಯಿಗೆ ಸ್ವಾರಸ್ಯವಿಲ್ಲ, ಬಾಯಿ ಸಡಿಲಿಸುತ್ತದೆ. ಬಿಟ್ಟ ತಕ್ಷಣ ಬಹುಮಾನವಾಗಿ ಇನ್ನೊಮ್ಮೆ ಹಿಡಿಯಲು ಕೊಡುತ್ತಾರೆ. ಗುಟ್ಟು ಇರುವುದು ಇಲ್ಲೇ. ಬಿಟ್ಟರೆ ಆಟ ಮುಗಿಯಿತು ಅಂತ ನಾಯಿಗೆ ತಿಳಿದರೆ ಅದು ಬಿಡುವುದೇ ಇಲ್ಲ. ಬಿಟ್ಟರೆ ಮತ್ತೆ ಸಿಗುತ್ತದೆ ಅಂತ ತಿಳಿದರೆ ಖುಷಿಯಿಂದ ಬಿಡುತ್ತದೆ. ಹೊಡೆದು ಬಿಡಿಸಿದರೆ ನಾಯಿ ಇನ್ನೂ ಬಿಗಿ ಹಿಡಿಯುತ್ತದೆ. ಕಣ್ಣಿಗೆ ಕಾಣುವ ಕವಚವನ್ನಷ್ಟೇ ಹಿಡಿಯುವುದು ನಾಯಿಗೆ ರೂಢಿಯಾಗಬಾರದೆಂದು ಮುಂದೆ ಅಂಗಿಯೊಳಗೆ ಅಡಗುವ ಕವಚ, ಬಾಯಿಗೆ ಕುಕ್ಕೆ ಹಾಕಿದ ಅಭ್ಯಾಸ, ಕಣದಲ್ಲಿ, ಜೀಪಿನ ಪಕ್ಕ, ಕತ್ತಲಲ್ಲಿ. ಬಹಳ ಸಲ ಕಚ್ಚುವುದೇ ಇಲ್ಲ, ಎದುರು ನಿಂತು ಬೊಗಳಿ ತಡೆಯುವುದಷ್ಟೇ.

ಒಂದು ರಾತ್ರಿ ಆಳುಗಳಿರುವ ಲೈನ್ ಮನೆಯಲ್ಲಿ ಒಬ್ಬಳಿಗೆ ಹೆರಿಗೆ ನೋವು. ತೋಟದ ಲೆಕ್ಕ ನೋಡಿಕೊಳ್ಳುವ ನಮ್ಮ ರೈಟರು ಕೊಪ್ಪೆ ಹಾಕಿಕೊಂಡು, ಟಾರ್ಚ್ ಬೀಸುತ್ತಾ, ಕೂಗುತ್ತಾ ಓಡಿಬಂದರು. ಬಾಗಿಲು ತೆಗೆದರೆ ಜೂಲಿ ಮುಂದೆ ಹೋಗಿ ಅವರನ್ನು ಅಂಗಳದಲ್ಲೇ ನಿಲ್ಲಿಸಿತು. "ಅಮ್ಮಾ, ನಾಯಿ ಹಿಡ್ಕೊಳಿ!" ಹಿಡಿಯಬೇಕಾಗಲಿಲ್ಲ. ಕೂರು ಅಂದೆ, ಕೂತಿತು. ಜೀಪು ತೆಗೆದು ಆಸ್ಪತ್ರೆಗೆ ಹೊರಟೆವು. ಗೂಡಿನಲ್ಲಿ ಬೆಳೆದ ನಾಯಿಯಾಗಿದ್ದರೆ ಆಸ್ಪತ್ರೆಗೆ ಇಬ್ಬರನ್ನು ಒಯ್ಯಬೇಕಾಗುತ್ತಿತ್ತು.

2024ರಲ್ಲಿ ಕೇಂದ್ರದ ಸುತ್ತೋಲೆಯೊಂದು ರಾಟ್‌ವೈಲರ್ ಸೇರಿ ಕೆಲವು ತಳಿಗಳನ್ನು ನಿಷೇಧಿಸಹೊರಟಿತ್ತು, ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ತಳಿ ಯಾವುದಾದರೂ ಜವಾಬ್ದಾರಿ ತಪ್ಪದು: ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅಭ್ಯಾಸ ಈಗಲೂ ನಿಂತಿಲ್ಲ. ಅತ್ತೆಗೂ 'ಔಟ್' ಹೇಳಲು ಬರುತ್ತದೆ. ಕಚ್ಚಿ ಹಿಡಿಯಲು ಹೇಳುವ ಮಾತನ್ನು ಮಗಳಿಗೆ ಇನ್ನೂ ಹೇಳಿಕೊಟ್ಟಿಲ್ಲ, ದೊಡ್ಡವಳಾಗಲಿ. ನೆಂಟರು ಬಂದಾಗ "ಒಂದ್ಸಲ ಕಚ್ಚಿಸಿ ತೋರ್ಸೇ" ಅನ್ನುತ್ತಾರೆ. ಆಯ್ತು, ಯಾರ ಕೈ ಕೊಡ್ತೀರಿ ಅಂತ ಕೇಳುತ್ತೇನೆ.