ಉದ್ರಿ ವಹಿಯ ಹೆಸರುಗಳ ಬೆನ್ನು ಹತ್ತಿ

ಹಾವೇರಿ ಜಿಲ್ಲೆಯ ನಮ್ಮ ಊರಿನಲ್ಲಿ ಕಿರಾಣಿ ಅಂಗಡಿ ನಡೆಸುವವನಿಗೆ ಗಿರಾಕಿಯ ದಾಖಲೆಯ ಹೆಸರಿನಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಇರುವುದರಿಂದಲೂ, ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಮನೆಗಳು ಹೆಚ್ಚಾಗಿರುವುದರಿಂದಲೂ ಒಂದೇ ಓಣಿಯಲ್ಲಿ ನಾಲ್ಕಾರು ಫಕೀರಪ್ಪಗಳು ಸಿಗುತ್ತಾರೆ. ಆದ್ದರಿಂದ ನಮ್ಮ ತಂದೆಯವರು ಉದ್ರಿ ವಹಿಯಲ್ಲಿ, ಅಂದರೆ ಸಾಲದ ಲೆಕ್ಕದ ಪುಸ್ತಕದಲ್ಲಿ, ಊರು ಕರೆಯುವ ಹೆಸರನ್ನೇ ಬರೆದುಕೊಳ್ಳುತ್ತಿದ್ದರು: ರೇಡಿಯೋ ಫಕೀರಪ್ಪ, ಸರಕಾರ ಫಕೀರಪ್ಪ, ಮುಂಬೈ ಫಕೀರಪ್ಪ. ಅಂಗಡಿ ನನ್ನ ಕೈಗೆ ಬಂದ ಮೇಲೆ ಆ ಹಳೆಯ ವಹಿಗಳನ್ನು ಮುಂದಿಟ್ಟುಕೊಂಡು ಒಂದೊಂದು ಹೆಸರು ಹೇಗೆ ಬಂತೆಂದು ವಿಚಾರಿಸಿ ಬರೆದಿಡತೊಡಗಿದೆ.

ವಹಿಯಿಂದ ನನಗಾದ ದೊಡ್ಡ ಅನುಕೂಲವೆಂದರೆ ಅದರಲ್ಲಿರುವ ತಾರೀಖು. ನಮ್ಮ ಕಡೆ ದೀಪಾವಳಿಯ ಪಾಡ್ಯದಂದು ಹೊಸ ವಹಿಯ ಪೂಜೆಯಾಗುತ್ತದೆ. ಹತ್ತಿ, ಮೆಣಸಿನಕಾಯಿ ಮಾರಿ ತೀರಿಸಿದ ಮೇಲೂ ಉಳಿದ ಬಾಕಿಯನ್ನು ಅದಕ್ಕೆ ಏರಿಸುತ್ತಾರೆ. ಹೀಗಾಗಿ ಒಬ್ಬ ಮನುಷ್ಯ ಯಾವ ವರ್ಷದವರೆಗೆ ಬರಿಯ ಫಕೀರಪ್ಪನಾಗಿದ್ದ, ಯಾವ ವರ್ಷದಿಂದ ರೇಡಿಯೋ ಫಕೀರಪ್ಪನಾದ ಎಂಬುದನ್ನು ಬಾಕಿಯ ಮೊತ್ತ ಹಿಡಿದು ಪತ್ತೆ ಹಚ್ಚಬಹುದು.

ರೇಡಿಯೋ ಫಕೀರಪ್ಪನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಓಣಿಗೆ ಮೊದಲ ರೇಡಿಯೋ ತಂದವರು ತಮ್ಮ ಅಜ್ಜ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಕೇಳಲು ಇಡೀ ಓಣಿ ತಮ್ಮ ಪಡಸಾಲೆಯಲ್ಲಿ ಸೇರುತ್ತಿತ್ತು, ಅದರಿಂದ ಆ ಹೆಸರು ಬಂತು ಎಂದು ಮೊಮ್ಮಕ್ಕಳು ಹೇಳಿದರು. ಸಾಕ್ಷಿಗೆ ಲೈಸೆನ್ಸ್ ಪುಸ್ತಕವನ್ನೂ ತಂದು ತೋರಿಸಿದರು. ಆಗ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಅಂಥ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಪುಸ್ತಕದ ಮೊದಲ ಮುದ್ರೆ 1968ರದ್ದು. ಆದರೆ ನಮ್ಮ 1963ರ ವಹಿಯಲ್ಲಿಯೇ, ಎರಡು ಸೇರು ತೊಗರಿಬೇಳೆಯ ಲೆಕ್ಕದ ಎದುರಿಗೆ, ತಂದೆಯವರ ಅಕ್ಷರದಲ್ಲಿ ರೇಡಿಯೋ ಫಕೀರಪ್ಪ ಎಂದಿದೆ. ಎದುರು ಮನೆಯ ಹಿರಿಯ ತಾಯಿಯನ್ನು ಕೇಳಿದಾಗ ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. “ಬಾಯಿ ತಗದ್ರ ಮುಚ್ಚಾಂವ ಅಲ್ಲ ತಮ್ಮಾ, ಕಿವಿ ತಿರುವಿದ್ರೂ ಬಂದ್ ಆಗದ ರೇಡಿಯೋ ಅಂತ ನಮ್ಮ ಅತ್ತಿನ ಹೆಸರಿಟ್ಟಿದ್ದು” ಎಂದರು. ಹೆಸರು ಬಿದ್ದ ಮೇಲೆ ಅದಕ್ಕೆ ತಕ್ಕಂತೆ ಆತ ರೇಡಿಯೋ ಕೊಂಡಿರಬೇಕು ಎಂಬುದು ನನ್ನ ಊಹೆ. ನಾನು ಎರಡನ್ನೂ ಬರೆದೆ. ಮೊಮ್ಮಕ್ಕಳು ಅದಕ್ಕೆ ಬೇಸರಪಡಲಿಲ್ಲ. ಲೈಸೆನ್ಸಿನ ಕಥೆ ಮೊದಲು ಬರಲಿ ಎಂದಷ್ಟೇ ಕೇಳಿಕೊಂಡರು.

ಹೆಸರನ್ನು ಹೊತ್ತವರಿಗಿಂತ ಅದನ್ನು ಇಟ್ಟವರ ಮನೆಯವರಿಗೇ ಹೆಚ್ಚು ಗೊತ್ತಿರುತ್ತದೆ. ಅದರಲ್ಲಿಯೂ ಹೆಂಗಸರಿಗೆ ಊರ ಮಂದಿಯ ಅಡ್ಡಹೆಸರುಗಳೆಲ್ಲ ಬಾಯಿಪಾಠವಾಗಿರುತ್ತವೆ, ಗಂಡನ ಹೆಸರೊಂದು ಬಿಟ್ಟು. ಮದುವೆ ಮನೆಯಲ್ಲಿ ಒಡಪು ಕಟ್ಟಿ ಹೇಳುವುದನ್ನು ಬಿಟ್ಟರೆ ಹಳೆಯ ಕಾಲದವರು ಆ ಹೆಸರನ್ನು ತುಟಿಗೆ ತರುವುದಿಲ್ಲ. ಒಂದು ಖಾತೆ ಯಾರದೆಂದು ಖಚಿತಪಡಿಸಿಕೊಳ್ಳಲು ಹೋದಾಗ ಒಬ್ಬ ಅಜ್ಜಿ, “ಶಿರಹಟ್ಟಿ ಸ್ವಾಮಿ ಹೆಸರು, ತಿಳೀತಿಲ್ಲೋ” ಎಂದು ಕೈತೊಳೆದುಕೊಂಡರು. ನನ್ನ ಪಟ್ಟಿಯಲ್ಲಿದ್ದವರದೆಲ್ಲ ಅದೇ ಸ್ವಾಮಿಯ ಹೆಸರು!

ಕೇಳುವ ರೀತಿಯೂ ಮುಖ್ಯ. ಈ ಹೆಸರು ಏಕೆ ಬಂತೆಂದು ಕೇಳಿದರೆ ಜನ ನಿಂತ ನಿಲುವಿನಲ್ಲಿಯೇ ಒಂದು ಕಾರಣವನ್ನು ಹೊಂದಿಸಿಕೊಡುತ್ತಾರೆ. ಮೊದಲು ಯಾರ ಬಾಯಲ್ಲಿ ಕೇಳಿದಿರಿ, ಆಗ ಅಲ್ಲಿ ಯಾರ್‍ಯಾರಿದ್ದರು ಎಂದು ಕೇಳಿದರೆ ನೆನಪು ಕೆಲಸ ಮಾಡುತ್ತದೆ. ತಿಪ್ಪೇಸ್ವಾಮಿ ಎಂಬ ಹೆಸರು ಕಂಡೊಡನೆ, ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಹೆಸರಿಡುತ್ತಿದ್ದ ಹಳೆಯ ನಂಬಿಕೆಯನ್ನು ಎಲ್ಲರೂ ಹೇಳುತ್ತಾರೆ. ನಾನು ವಿಚಾರಿಸಿದ ಮನೆಯವರು ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲು. ತಿಪ್ಪೆಯ ಮಾತು ಅಲ್ಲಿ ಬರುವುದೇ ಇಲ್ಲ. ಅನಿಲ್ ಕುಂಬ್ಳೆಯವರ ‘ಜಂಬೋ’ ಕೂಡ ಅವರ ಎತ್ತರದಿಂದ ಬಂದದ್ದೆಂದು ಅಂಗಡಿಯ ಕಟ್ಟೆಯಲ್ಲಿ ಕುಳಿತವರು ವಾದಿಸುತ್ತಾರೆ. ಇರಾನಿ ಟ್ರೋಫಿಯ ಪಂದ್ಯವೊಂದರಲ್ಲಿ ಚೆಂಡು ಪುಟಿದೆದ್ದದ್ದನ್ನು ಕಂಡು ಮಿಡ್ ಆನ್‌ನಲ್ಲಿದ್ದ ನವಜೋತ್ ಸಿಂಗ್ ಸಿಧು ‘ಜಂಬೋ ಜೆಟ್’ ಎಂದು ಕೂಗಿದರು, ಜೆಟ್ ಹೋಗಿ ಜಂಬೋ ಉಳಿಯಿತು ಎಂದು ಕುಂಬ್ಳೆಯವರೇ ಹೇಳಿಕೊಂಡಿದ್ದಾರೆ. ಹೆಸರಿಗೆ ತೀರ ಸರಿಯಾಗಿ ಒಪ್ಪುವ ಕಾರಣವನ್ನು ಕೇಳಿದಾಗಲೆಲ್ಲ ನಾನು ಇನ್ನೊಬ್ಬರನ್ನು ವಿಚಾರಿಸುತ್ತೇನೆ.

ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಮುಂತಾದ ಮನೆತನದ ಹೆಸರುಗಳ ಗೊಡವೆಗೆ ನಾನು ಹೋಗಲಿಲ್ಲ. ಅವು ವಹಿಗಿಂತ ಹಳೆಯವು. ಆದರೆ ಹಾಗೆ ಗಟ್ಟಿಯಾಗುವುದನ್ನು ಒಂದು ಕಡೆ ಕಣ್ಣಾರೆ ಕಂಡೆ. ಮುಂಬೈ ಫಕೀರಪ್ಪ ಒಂದಿಷ್ಟು ಕಾಲ ಮುಂಬೈಯ ಗಿರಣಿಯಲ್ಲಿ ದುಡಿದು ಬಂದಿದ್ದ. ಮಗನನ್ನು ಶಾಲೆಗೆ ಸೇರಿಸುವಾಗ ಮಾಸ್ತರರು ದಾಖಲಾತಿ ಪುಸ್ತಕದಲ್ಲಿ ಅದನ್ನೇ ಬರೆದುಕೊಂಡರು, ಈಗ ಅದು ಆಧಾರ್ ಕಾರ್ಡಿಗೂ ಬಂದಿದೆ. ಮುಂಬೈಯನ್ನು ಕಂಡೇ ಇಲ್ಲದ ಮೊಮ್ಮಗ ಪುಣೆಯಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಎಲ್ಲರೂ ಅವನನ್ನು, ಮುಂಬೈಯಲ್ಲಿ ಯಾವ ಏರಿಯಾ ಎಂದು ಕೇಳುತ್ತಾರಂತೆ.

ಕೈಕಾಲಿನ ಊನ, ಕಣ್ಣು, ಜಾತಿ, ಎಂದೋ ಹೊರಿಸಿದ ಕಳವು, ಇವುಗಳಿಂದ ಬಂದ ಹೆಸರುಗಳೂ ವಹಿಯಲ್ಲಿವೆ. ಅವುಗಳನ್ನು ನಾನು ಇಳಿಸಿಕೊಂಡಿಲ್ಲ. ಗಲ್ಲೆಯ ಮೇಲೆ ಕುಳಿತು ಎದುರಿಗಿರುವವನನ್ನು ಆ ಹೆಸರಿನಿಂದ ಗಟ್ಟಿಯಾಗಿ ಕರೆಯಬಲ್ಲೆನೇ ಎಂದು ನೋಡುತ್ತೇನೆ. ಕರೆಯಲಾರೆನೆಂದರೆ ಅದನ್ನು ಬರೆಯುವುದಿಲ್ಲ.

ಈಗಿನ ಹುಡುಗರು ಹಣವನ್ನು ಫೋನಿನಲ್ಲಿ ಹಾಕುತ್ತಾರೆ. ಪರದೆಯ ಮೇಲೆ ಬರುವುದು ಬ್ಯಾಂಕಿನ ದಾಖಲೆಯ ಹೆಸರು, ಮತ್ತೆ ಅದೇ ಫಕೀರಪ್ಪ. ಹೀಗಾಗಿ ಅವರು ತಮಗೆ ತಾವೇ ಇಟ್ಟುಕೊಂಡ ಇನ್‌ಸ್ಟಾಗ್ರಾಮ್ ಹೆಸರುಗಳನ್ನೂ ಕೇಳಿ ಬರೆದುಕೊಳ್ಳತೊಡಗಿದೆ. ಅಲ್ಲಿ ಕನ್ನಡ ಅಕ್ಷರ ನಡೆಯುವುದಿಲ್ಲ; ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕೆ, ಅಡಿಗೆರೆಗಳನ್ನು ಬಳಸಿ ಮೂವತ್ತರೊಳಗೆ ಮುಗಿಸಬೇಕು. ಬೇಕಾದ ಹೆಸರನ್ನು ಇನ್ಯಾರೋ ಮೊದಲೇ ಹಿಡಿದಿರುವುದರಿಂದ ಬಾಲಕ್ಕೆ ಅಂಕಿ ಸೇರುತ್ತದೆ. 27 ಎಂದರೆ ಸಾಮಾನ್ಯವಾಗಿ ಹಾವೇರಿಯ ವಾಹನ ನೋಂದಣಿಯ ಕೆಎ 27. 18 ಎಂಬುದನ್ನು ವಯಸ್ಸೆಂದು ತಿಳಿಯಬಾರದು, ಬಹಳಷ್ಟು ಸಲ ಅದು ಕೊಹ್ಲಿಯ ಜೆರ್ಸಿ.

ಸರಕಾರ ಫಕೀರಪ್ಪನ ಮೊಮ್ಮಗನ ಹೆಸರು ಅಲ್ಲಿ ‘ಸರಕಾರ್ 27’ ಎಂದಿರುವುದನ್ನು ಕಂಡಾಗ, ಅಜ್ಜನ ಹೆಸರು ಫೋನಿಗೂ ಇಳಿದು ಬಂತಲ್ಲ ಎಂದು ನನಗೆ ಹಿಗ್ಗಾಯಿತು. ಬರಗಾಲದಲ್ಲಿ ಯಾರು ಏನು ಕೇಳಿದರೂ “ಸರಕಾರ ಕೊಡತೈತಿ ತಗೋ” ಎನ್ನುತ್ತಿದ್ದುದರಿಂದ ಅಜ್ಜನಿಗೆ ಆ ಹೆಸರು ಬಿದ್ದಿತ್ತು. ಹುಡುಗನಿಗೆ ಇದೊಂದೂ ಗೊತ್ತಿಲ್ಲ. ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟಿಗೆ ಮನೆ ಮನೆ ತಿರುಗಿ ಚಂದಾ ಪಟ್ಟಿ ಎತ್ತುತ್ತಾನೆಂದು ಗೆಳೆಯರು ಅವನನ್ನು ಹಾಗೆ ಕರೆದರಂತೆ. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ನಡುವೆ ಸಂಬಂಧ ಕಲ್ಪಿಸಿಲ್ಲ.

ವಹಿಯಲ್ಲಿ ಬಿಡಿಸಲಾಗದ ಹೆಸರುಗಳು ಇನ್ನೂ ಉಳಿದಿವೆ. 1971ರಿಂದ 1974ರವರೆಗೆ ಚಹಾಪುಡಿ, ಬೀಡಿ, ಬೆಂಕಿಪೆಟ್ಟಿಗೆ ಮಾತ್ರ ಒಯ್ದಿರುವ ‘ಪ್ಯಾಸೆಂಜರ್’ ಯಾರೆಂದು ಊರಲ್ಲಿ ಒಬ್ಬರಿಗೂ ನೆನಪಿಲ್ಲ. ನಿಧಾನಿಯೊಬ್ಬನಿಗೆ ರೈಲಿನ ಹೆಸರಿಟ್ಟಿರಬೇಕೆಂದು ಹಲವರು ಹೇಳಿದರು. ಅದು ತೀರ ಸಲೀಸಾಗಿ ಹೊಂದುವುದರಿಂದ ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.