ಗೋಡೆ ನೋಡಲು ಮಳೆಗಾಲವೇ ಸರಿ

ಉತ್ತರ ಕನ್ನಡದ ಹಳೆ ಕಟ್ಟಡ ನೋಡೋಕೆ ಯಾವಾಗ ಬರಬೇಕು ಅಂತ ಯಾರಾದರೂ ಕೇಳಿದರೆ ನಾನು ಜುಲೈ ಅನ್ನುತ್ತೇನೆ. ತಮಾಷೆ ಅಂದುಕೊಳ್ಳುತ್ತಾರೆ. ಅಲ್ಲ. ಇಲ್ಲಿನ ಮಾಡು, ಜಗಲಿ, ಗೋಡೆ ಎಲ್ಲವನ್ನೂ ಮಳೆ ಲೆಕ್ಕ ಹಾಕಿಯೇ ಕಟ್ಟಿದ್ದಾರೆ. ಬೇಸಿಗೆಯಲ್ಲಿ ಬಂದರೆ ಕಲ್ಲು ಕಾಣುತ್ತದೆ, ಅದನ್ನು ಹಾಗೆ ಯಾಕೆ ಇಟ್ಟರು ಅನ್ನೋದು ಕಾಣುವುದಿಲ್ಲ.

ಕಾರವಾರದಲ್ಲಿ ಕಡಲ ತೀರ, ಅಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಯುದ್ಧನೌಕೆ ಎಲ್ಲರೂ ನೋಡುವಂಥದ್ದೇ. ತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು ಸುಮ್ನೆ ಬಂದದ್ದಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಅವರು ಬಂದು ಉಳಿದಿದ್ದರು. ಇಷ್ಟಾದ ಮೇಲೆ ನಾನು ಬಸ್ಸು ಹತ್ತಿ ಭಟ್ಕಳಕ್ಕೆ ಹೋಗುತ್ತೇನೆ.

ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು. ಮಾಡು ನಮ್ಮ ಹಂಚಿನ ಮನೆಯದರ ಹಾಗೇ ಇಳಿಜಾರು. ಆದರೆ ಹಂಚಿಲ್ಲ, ಉದ್ದುದ್ದ ಕಲ್ಲಿನ ಚಪ್ಪಡಿ. ಮಳೆ ಜೋರಾದಾಗ ಕೊಡೆ ಹಿಡಿದು ಎದುರು ನಿಂತರೆ ಸಾಕು, ನೀರೇ ಎಲ್ಲ ತೋರಿಸುತ್ತದೆ. ಚಪ್ಪಡಿ ಮೇಲಿಂದ ಜಾರಿ ಗೋಡೆಗೆ ತಾಗದೆ ಆಚೆ ಬೀಳುತ್ತದೆ. ಮರಗೆಲಸದವರ ಉಪಾಯವನ್ನು ಕಲ್ಲುಕುಟಿಗರು ಎತ್ತಿಕೊಂಡಿದ್ದಾರೆ, ಅಲ್ವಾ? ಗೋಡೆಯಲ್ಲೂ ಮರದ ಜಾಲರಿಯಂತೆ ಕಾಣುವ ಕಲ್ಲಿನ ಕೆಲಸ ಇದೆ. ಆಮೇಲೆ ಬಗ್ಗಿ, ಸಣ್ಣ ಸಣ್ಣ ರಾಮಾಯಣದ ಕೆತ್ತನೆಗಳನ್ನು ನೋಡಿ. ಪೇಟೆಯ ಚಂದ್ರನಾಥ ಬಸದಿಯ ಮಾಡೂ ಇದೇ ಜಾತಿಯದು. ಇದೇ ಊರಲ್ಲಿ 1637ರಲ್ಲಿ ತೀರಿಕೊಂಡ ಇಂಗ್ಲಿಷ್ ವ್ಯಾಪಾರಿಗಳ ಗೋರಿಗಳೂ ಇವೆ. ಕಾಳುಮೆಣಸಿನ ಆಸೆಗೆ ಎಲ್ಲಿಂದೆಲ್ಲಿಗೆ ಬಂದವರು ನೋಡಿ.

ನನಗೆ ಜಾಸ್ತಿ ಹೊತ್ತು ಹಿಡಿಯೋದು ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ. ದರ್ಶನ ಮುಗಿಸಿ ಹೆಚ್ಚಿನವರು ಹೊರಟುಬಿಡುತ್ತಾರೆ. ಗೋಡೆಗಳ ಮೇಲೆ ಕೆಂಪು-ಬಿಳಿಯ ಕಾವಿ ಚಿತ್ರಗಳಿವೆ. ದೂರದಿಂದ ಬಣ್ಣ ಬಳಿದಂತೆ ಕಾಣುತ್ತದೆ. ನಾನು ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತದ್ದನ್ನು ಕಂಡು ಅಲ್ಲಿದ್ದ ಹಿರಿಯರೊಬ್ಬರು ಹೇಳಿದರು: "ತಮಾ, ಅದು ಬಣ್ಣ ಅಲ್ಲ, ಕೆತ್ತಿದ್ದು. ಮುಟ್ಟಡ."

ಅವರ ಮಾತು ಸರಿ. ಕಪ್ಪೆಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ ಕೊಳೆಸಿ, ಕುಟ್ಟಿ ಹದ ಮಾಡಿ ಗೋಡೆಗೆ ಗಿಲಾವು ಹಾಕುತ್ತಿದ್ದರು. ಅದರ ಮೇಲೆ ಕೆಮ್ಮಣ್ಣು ಬೆರೆಸಿದ ತೆಳು ಪದರ. ಹಸಿ ಆರುವ ಮೊದಲೇ ಮೊನಚು ಕಡ್ಡಿಯಿಂದ ಗೀರಿ, ಬೇಡದ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಕಾಣುತ್ತದೆ. ಗೋಡೆಗೆ ಓರೆಯಾಗಿ ನಿಂತು ನೋಡಿದರೆ ಬಿಳಿಗಿಂತ ಕೆಂಪು ಒಂದು ನೂಲಿನಷ್ಟು ಮೇಲೆ ಇರುವುದು ಗೊತ್ತಾಗುತ್ತದೆ. ವೃತ್ತಗಳ ನಡುವೆ ಕೈವಾರದ ಮುಳ್ಳು ಚುಚ್ಚಿದ ಗುರುತು ಹುಡುಕಿ. ಮೋಡದ ಮಂದ ಬೆಳಕು ಪಕ್ಕದಿಂದ ಬೀಳುವಾಗ ಇದೆಲ್ಲ ಚೆನ್ನಾಗಿ ಕಾಣುತ್ತದೆ. ಬಿರುಬಿಸಿಲಿಗೆ ಕಣ್ಣು ಹೊಂದಿಕೊಂಡು ಒಳಗೆ ಬಂದರೆ ಬರೀ ಕತ್ತಲೆ.

ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ಅಲೆದು ಕಾವಿ ಚಿತ್ರಗಳ ಫೋಟೊ ತೆಗೆದು, ಕೆಲಸದ ವಿಧಾನ ಬರೆದಿಟ್ಟರು. ನಮ್ಮಂಥವರು ಹುಡುಕಲು ಕಲಿತದ್ದೇ ಅದರಿಂದ. ಕರಾವಳಿಯ ಒಂದು ಸಣ್ಣ ಗುಡಿಯಲ್ಲಿ ಜೀರ್ಣೋದ್ಧಾರದ ಹೆಸರಲ್ಲಿ ಕಾವಿ ಗೋಡೆಗೆ ಎಣ್ಣೆ ಬಣ್ಣ ಬಳಿದಿದ್ದರು. ಕೇಳಿದರೆ, "ಈಗ ಪಳಪಳ ಅಂತದೆ, ಅಲ್ದಾ?" ಅಂದರು. ಏನು ಹೇಳಲಿ? ಅಂಥ ಕಡೆ ಓರೆಯಾಗಿ ನೋಡಿ, ಬಣ್ಣದ ಅಡಿಯಲ್ಲಿ ಹಳೆಯ ಗೀರು ಎಷ್ಟೋ ಸಲ ಉಬ್ಬಿ ಕಾಣುತ್ತದೆ.

ಫೋಟೊ ತೆಗೆಯುವ ಮೊದಲು ಅರ್ಚಕರನ್ನು ಕೇಳಿ. ಫ್ಲ್ಯಾಶ್ ಬೇಡ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿ ಜಾತ್ರೆ ನೋಡಲೇಬೇಕು, ಆದರೆ ಆ ಗದ್ದಲದಲ್ಲಿ ಗೋಡೆ ನೋಡುವ ಆಸೆ ಬಿಡಿ. ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋಗುವುದಾದರೆ, ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆಯಾ ಅಂತ ಬಸ್ ಸ್ಟ್ಯಾಂಡಿನಲ್ಲೇ ವಿಚಾರಿಸಿಕೊಂಡು ಹೊರಡಿ.