ಬೆಕ್ಕಿನ ಮರಿಗೆ ಇನ್ಶೂರೆನ್ಸ್, ಕೇರ್ ಪ್ಲಾನ್: ನಾನು ಆರಿಸಿಕೊಂಡ ರೀತಿ

ಬೆಕ್ಕಿನ ಮರಿಯ ಆಸ್ಪತ್ರೆ ಖರ್ಚಿನಲ್ಲಿ ಎರಡು ಬಗೆ. ಬಂದೇ ಬರುವ ಖರ್ಚು ಒಂದು. ಬರಬಹುದು, ಬಾರದೆಯೂ ಇರಬಹುದು ಎನ್ನುವ ಖರ್ಚು ಇನ್ನೊಂದು. ಲಸಿಕೆ, ಜಂತುಹುಳದ ಔಷಧಿ, ಸಂತಾನಹರಣದ ಆಪರೇಷನ್ ಮೊದಲನೆಯ ಬಗೆ. ದಾರ ನುಂಗಿ ಹೊಟ್ಟೆ ಕೊಯ್ಯಬೇಕಾಗಿ ಬಂದರೆ ಅದು ಎರಡನೆಯದು. ಕ್ಲಿನಿಕ್‌ನವರ ಕೇರ್ ಪ್ಲಾನ್, ಅಂದರೆ ತಿಂಗಳ ಕಂತು ಕಟ್ಟಿ ಪಡೆಯುವ ಮಾಮೂಲಿ ಸೇವೆಗಳ ಕಟ್ಟು, ಇರುವುದು ಮೊದಲನೆಯದಕ್ಕೆ, ಇನ್ಶೂರೆನ್ಸ್ ಇರುವುದು ಎರಡನೆಯದಕ್ಕೆ. ನಮ್ಮ ಮರಿ ಗುಂಡ ಮನೆಗೆ ಬರುವುದು ಖಚಿತವಾದಾಗ ಈ ಎರಡಕ್ಕೂ ಬೇರೆ ಬೇರೆ ಹಾಳೆ ಇಟ್ಟುಕೊಂಡು ಲೆಕ್ಕಕ್ಕೆ ಕೂತೆ. ಮಾರುವವರು ಮಾತ್ರ ಎರಡನ್ನೂ ಕಲಸಿಯೇ ಮಾರುತ್ತಾರೆ. ‘ತಿಂಗಳಿಗೆ ಇಷ್ಟು ಕಟ್ಟಿ ಸಾಕು, ಎಲ್ಲ ಸೇರಿದೆ’ ಅಂದಾಗ ಆ ‘ಎಲ್ಲ’ದೊಳಗೆ ಏನೇನಿದೆ ಅಂತ ಬಿಡಿಸಿ ನೋಡಬೇಕು.

ಕೇರ್ ಪ್ಲಾನ್ ಹಾಳೆ ಬೇಗ ಮುಗಿಯಿತು. ಅದು ಬರೀ ಕೂಡು-ಕಳೆ ಲೆಕ್ಕ. ಪ್ಲಾನ್‌ನಲ್ಲಿ ಇರುವ ಒಂದೊಂದು ಸೇವೆಗೂ ಬಿಡಿಯಾಗಿ ಎಷ್ಟಾಗುತ್ತದೆ ಅಂತ ಕ್ಲಿನಿಕ್‌ನಲ್ಲಿ ಕೇಳಿ ಬರೆದುಕೊಂಡೆ. ಗುಂಡನಿಗೆ ಆಗಲೇ ಆಗಿದ್ದನ್ನು ಹೊಡೆದು ಹಾಕಿದೆ. ನಮಗೆ ಬೇಡವಾದದ್ದನ್ನೂ ಹೊಡೆದು ಹಾಕಿದೆ. ಉಗುರು ಕತ್ತರಿಸುವುದಕ್ಕೆ ಕ್ಲಿನಿಕ್‌ಗೆ ಯಾಕೆ ಹೋಗಬೇಕು? ಹಲ್ಲು ಕ್ಲೀನ್ ಮಾಡಿಸುವ ರಿಯಾಯಿತಿಯೂ ಇತ್ತು. ಹಾಲು ಹಲ್ಲು ಬಿದ್ದು ಗಟ್ಟಿ ಹಲ್ಲು ಬರುವುದಕ್ಕೇ ಆರು ತಿಂಗಳಾಗುವಾಗ ಮರಿಗೆ ಅದು ಸುಮ್ನೆ ಪಟ್ಟಿ ಉದ್ದ ಮಾಡುವ ಸಾಲು. ಉಳಿದದ್ದನ್ನು ಕೂಡಿ, ಹನ್ನೆರಡು ತಿಂಗಳ ಕಂತಿನ ಪಕ್ಕದಲ್ಲಿಟ್ಟು ನೋಡಿದೆ.

ಇಲ್ಲಿ ಮುಖ್ಯವಾಗಿ ನೋಡಬೇಕಾದ್ದು ಲಸಿಕೆ ಎಷ್ಟು ಸಲ ಅನ್ನುವುದು. ಡಬ್ಲ್ಯುಎಸ್‌ಎವಿಎ ಎಂಬ ಅಂತರರಾಷ್ಟ್ರೀಯ ಪಶುವೈದ್ಯ ಸಂಘಟನೆಯ 2024ರ ಮಾರ್ಗಸೂಚಿಯಂತೆ, ಪ್ಯಾನ್‌ಲ್ಯುಕೋಪೀನಿಯಾ, ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳ ಲಸಿಕೆಯನ್ನು 6ರಿಂದ 8 ವಾರದ ವಯಸ್ಸಿನಲ್ಲಿ ಶುರು ಮಾಡಬೇಕು. ಆಮೇಲೆ 2ರಿಂದ 4 ವಾರಕ್ಕೊಮ್ಮೆ ಕೊಡುತ್ತಾ 16 ವಾರ ದಾಟಿಸಬೇಕು. 26 ವಾರದ ಹೊತ್ತಿಗೆ ಇನ್ನೊಂದು. ಇಷ್ಟು ಸಲ ಯಾಕೆ ಅಂದರೆ, ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಗೆ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವಾಗ ಇಳಿಯುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ರೇಬಿಸ್ ಲಸಿಕೆ ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ. ಲ್ಯುಕೀಮಿಯಾ ವೈರಸ್ಸಿನದು ಬೇರೆಯೇ. ನಾನು ನೋಡಿದ ಒಂದು ಪ್ಲಾನ್‌ನಲ್ಲಿ ‘ಪ್ರಾಥಮಿಕ ಲಸಿಕೆ’ ಅಂದರೆ ಎರಡು ಡೋಸ್ ಮಾತ್ರ. ಎಂಟು ವಾರದ ಮರಿಗೆ ಅದು ಸಾಲದು. ಎರಡು ಡೋಸ್ ಮುಗಿಸಿಕೊಂಡು ಬಂದ ಮೂರೂವರೆ ತಿಂಗಳ ಮರಿಗಾದರೆ ಅದೇ ಪ್ಲಾನ್‌ನ ಅರ್ಧ ದುಡ್ಡು ನೀರುಪಾಲು. ಹಾಗಾಗಿ ಒಬ್ಬರಿಗೆ ಲಾಭವಾದ ಪ್ಲಾನ್ ಇನ್ನೊಬ್ಬರಿಗೆ ನಷ್ಟವಾಗಬಹುದು.

ಗುಂಡನ ವಿಷಯದಲ್ಲಿ ತಕ್ಕಡಿ ಪ್ಲಾನ್ ಕಡೆಗೆ ವಾಲಿತು. ಕಾರಣ ಒಂದೇ, ಆಪರೇಷನ್ ಅದರೊಳಗೇ ಸೇರಿತ್ತು. ಐದು ತಿಂಗಳೊಳಗೆ ಸಂತಾನಹರಣ ಮಾಡಿಸಿ ಎನ್ನುವುದು ಬೆಕ್ಕಿನ ವೈದ್ಯರು ಈಗ ಸಾಮಾನ್ಯವಾಗಿ ಹೇಳುವ ಮಾತು. ಹಾಗಾಗಿ ಆ ಖರ್ಚು ಮೊದಲ ವರ್ಷವೇ ಬರುವುದು ಖಚಿತ. ಸಹಿ ಹಾಕುವ ಮೊದಲು ಎರಡು ಸಾಲು ಓದಿದೆ. ಮಧ್ಯದಲ್ಲಿ ಬಿಟ್ಟರೆ ಏನು, ವರ್ಷ ಮುಗಿದ ಮೇಲೆ ಏನು. ಮಧ್ಯದಲ್ಲಿ ಬಿಟ್ಟರೆ ಅಲ್ಲಿಯವರೆಗೆ ಪಡೆದ ಸೇವೆಗೆ ಪೂರ್ತಿ ದರ ಕಟ್ಟಬೇಕಿತ್ತು. ವರ್ಷ ಮುಗಿದರೆ ತಾನಾಗೇ ಮುಂದುವರಿಯುತ್ತಿತ್ತು. ದೊಡ್ಡ ಬೆಕ್ಕಿಗೆ ಅಷ್ಟೊಂದು ಸೇವೆ ಬೇಡ, ಅಲ್ವಾ? ಎರಡನೇ ವರ್ಷಕ್ಕೆ ಬೇಡ ಅಂತ ಮೊದಲೇ ಬರೆದುಕೊಟ್ಟೆ. ಇನ್ಶೂರೆನ್ಸ್ ಕಂಪನಿಗಳೂ ಪಾಲಿಸಿಗೆ ಅಂಟಿಸಿ ‘ವೆಲ್‌ನೆಸ್’ ಅಂತ ಇಂಥದ್ದನ್ನೇ ಮಾರುತ್ತವೆ. ಲಸಿಕೆಗೆ ಇಷ್ಟು, ತಪಾಸಣೆಗೆ ಇಷ್ಟು ಅಂತ ಪ್ರತಿಯೊಂದಕ್ಕೂ ಮಿತಿ. ಎಲ್ಲ ಮಿತಿ ಕೂಡಿದರೆ ನಾವು ಕಟ್ಟುವ ಹೆಚ್ಚುವರಿ ಪ್ರೀಮಿಯಂಗಿಂತ ಒಂಚೂರು ಜಾಸ್ತಿ, ಅಷ್ಟೆ. ಅದೂ ಪ್ರತಿಯೊಂದನ್ನೂ ಬಿಡದೆ ಬಳಸಿದರೆ. ನಾನು ತಗೊಳ್ಳಲಿಲ್ಲ.

ಇನ್ಶೂರೆನ್ಸ್ ಹಾಳೆಗೆ ಈ ಲೆಕ್ಕ ನಡೆಯುವುದಿಲ್ಲ. ಪಾಲಿಸಿಗಳನ್ನು ಪಕ್ಕಪಕ್ಕ ಇಟ್ಟು ಪ್ರೀಮಿಯಂ, ಮಿತಿ, ಶೇಕಡಾವಾರು ಅಂತ ಓದಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹಾಗಾಗಿ ನಾನು ಉಲ್ಟಾ ಹೋದೆ. ಮೂರು ಕಾಯಿಲೆಗಳ ಕಾಲ್ಪನಿಕ ಬಿಲ್ ಬರೆದುಕೊಂಡೆ. ಒಂದೊಂದು ಬಿಲ್ಲನ್ನೂ ಒಂದೊಂದು ಪಾಲಿಸಿಯ ಷರತ್ತುಗಳೊಳಗೆ ತೂರಿಸಿ, ಕೊನೆಗೆ ನನ್ನ ಕೈಗೆ ಎಷ್ಟು ಬರುತ್ತದೆ ಅಂತ ನೋಡಿದೆ.

ಮೊದಲನೆಯದು ದಾರ. ಹೊಲಿಗೆ ದಾರ, ರಿಬ್ಬನ್ ನುಂಗುವುದು ಮರಿಗಳಲ್ಲಿ ಮಾಮೂಲಿ ಅಪಘಾತ. ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡು ಉಳಿದದ್ದು ಕರುಳಿಗೆ ಇಳಿದರೆ, ಕರುಳು ಮುದುರಿ ನೆರಿಗೆಗಟ್ಟಿ ಹರಿಯಲೂಬಹುದು. ಹಾಗಾಗಿಯೇ ಬಾಯಲ್ಲೋ ಮಲದ್ವಾರದಲ್ಲೋ ದಾರ ಕಂಡರೆ ಎಳೆಯಬಾರದು, ನೇರ ಡಾಕ್ಟರ ಹತ್ತಿರ ಓಡಬೇಕು. ಎಕ್ಸ್‌ರೇ, ಸ್ಕ್ಯಾನಿಂಗ್, ಆಪರೇಷನ್, ಅಡ್ಮಿಟ್, ಎಲ್ಲ ಒಂದೇ ಸಲದ ದೊಡ್ಡ ಬಿಲ್. ಈ ಪರೀಕ್ಷೆಯಲ್ಲಿ ಅಪಘಾತ ಮಾತ್ರದ ಅಗ್ಗದ ಪಾಲಿಸಿಯೂ ಬಹುತೇಕ ಪಾಸಾಗುತ್ತದೆ. ಗಮನಿಸಬೇಕಾದ್ದು ಡಾಕ್ಟರ ತಪಾಸಣೆ ಫೀಸು ಸೇರಿದೆಯೋ ಇಲ್ಲವೋ ಅನ್ನುವುದು. ಹಲವು ಪಾಲಿಸಿಗಳಲ್ಲಿ ಸೇರಿರುವುದಿಲ್ಲ. ತುರ್ತು ಚಿಕಿತ್ಸೆಯಲ್ಲಿ ಆ ಫೀಸೇ ಸಾಕಷ್ಟಾಗುತ್ತದೆ.

ಕಳೆಯುವ ಕ್ರಮವನ್ನೂ ಇಲ್ಲೇ ನೋಡಿದೆ. ಬಿಲ್ 1000 ಅಂದುಕೊಳ್ಳಿ, ಯಾವ ನಾಣ್ಯವಾದರೂ ಸರಿ. ಡಿಡಕ್ಟಿಬಲ್, ಅಂದರೆ ಮೊದಲು ನಮ್ಮ ಕೈಯಿಂದ ಹೋಗುವ ಪಾಲು, 200. ಮರುಪಾವತಿ 80%. ಮೊದಲು ಡಿಡಕ್ಟಿಬಲ್ ಕಳೆದು ಆಮೇಲೆ ಶೇಕಡಾ ಹಾಕಿದರೆ 640 ಬರುತ್ತದೆ. ಮೊದಲು ಶೇಕಡಾ ಹಾಕಿ ಆಮೇಲೆ ಡಿಡಕ್ಟಿಬಲ್ ಕಳೆದರೆ 600. ಜಾಹೀರಾತಿನಲ್ಲಿ ಎರಡೂ ‘80%’ ಅಂತಲೇ ಇರುತ್ತವೆ.

ಎರಡನೆಯ ಬಿಲ್ ಮೂತ್ರ ಕಟ್ಟುವುದು. ಗಂಡು ಬೆಕ್ಕಿನ ಮೂತ್ರನಾಳ ಸಣ್ಣದು. ಹರಳೋ ಲೋಳೆಯೋ ಸಿಕ್ಕಿ ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು. ಇದರ ಇನ್ನೊಂದು ಗುಣ ಅಂದರೆ, ಮತ್ತೆ ಮತ್ತೆ ಬರಬಹುದು. ಈ ಬಿಲ್ ಹಾಕಿದ ಕೂಡಲೇ ಪಾಲಿಸಿಗಳು ಬೇರೆ ಬೇರೆಯಾಗಿ ಕಾಣತೊಡಗಿದವು. ಡಿಡಕ್ಟಿಬಲ್ ವರ್ಷಕ್ಕೊಂದೋ, ಕಾಯಿಲೆಗೊಂದೋ? ಒಂದೇ ವರ್ಷದಲ್ಲಿ ಎರಡು ಮೂರು ಬೇರೆ ಕಾಯಿಲೆ ಬಂದರೆ ವರ್ಷದ ಲೆಕ್ಕ ಒಳ್ಳೆಯದು. ಒಂದೇ ಕಾಯಿಲೆ ವರ್ಷಗಟ್ಟಲೆ ಎಳೆದರೆ, ಕಾಯಿಲೆಗೆ ಒಮ್ಮೆ ಮಾತ್ರ ಕಟ್ಟುವ ಲೆಕ್ಕ ಒಳ್ಳೆಯದು. ಹಾಗೆಯೇ, ಪಾಲಿಸಿಗೆ ಮುಂಚೆ ಒಮ್ಮೆ ಮೂತ್ರದ ತೊಂದರೆ ಬಂದಿದ್ದರೆ ಅದನ್ನು ಶಾಶ್ವತವಾಗಿ ಹೊರಗಿಡುತ್ತಾರೋ, ಅಥವಾ ಇಂತಿಷ್ಟು ತಿಂಗಳು ಲಕ್ಷಣ ಇಲ್ಲದಿದ್ದರೆ ಮತ್ತೆ ಒಳಗೆ ಸೇರಿಸುತ್ತಾರೋ? ಇದರಲ್ಲಿ ಕಂಪನಿಗೊಂದು ನಿಯಮ.

ಮೂರನೆಯದು ಕಿಡ್ನಿ. ವಯಸ್ಸಾದ ಬೆಕ್ಕುಗಳಲ್ಲಿ ಕಿಡ್ನಿ ನಿಧಾನವಾಗಿ ಸೋಲುವುದು ತುಂಬಾ ಸಾಮಾನ್ಯ. ಥೈರಾಯ್ಡ್, ಸಕ್ಕರೆ ಕಾಯಿಲೆಯೂ ಹಾಗೇ. ಮರಿಗೆ ಪಾಲಿಸಿ ತಗೊಳ್ಳುವಾಗ ಇದನ್ನೆಲ್ಲ ಯಾರು ಯೋಚಿಸುತ್ತಾರೆ ಅನ್ನಿಸಬಹುದು. ಆದರೆ ನಮ್ಮ ಹಿಂದಿನ ಬೆಕ್ಕು ಕಿಡ್ನಿ ಕಾಯಿಲೆಯಲ್ಲೇ ಬಹಳ ಕಾಲ ಬದುಕಿದ್ದಳು. ಒಂದೊಂದು ಬಿಲ್ ಸಣ್ಣದು. ರಕ್ತ ಪರೀಕ್ಷೆ, ಔಷಧಿ, ಡ್ರಿಪ್, ಮತ್ತೆ ರಕ್ತ ಪರೀಕ್ಷೆ. ಕೂಡಿದರೆ ಯಾವ ಆಪರೇಷನ್‌ಗೂ ಕಡಿಮೆ ಇಲ್ಲ. ಈ ಬಿಲ್ಲಿಗೆ ಮೂರು ಥರ ಉತ್ತರ ಸಿಕ್ಕಿತು. ಕೆಲವು ಪಾಲಿಸಿ ಕಾಯಿಲೆ ಶುರುವಾಗಿ 12 ತಿಂಗಳು ಕೊಟ್ಟು ನಿಲ್ಲಿಸುತ್ತವೆ. ಇನ್ನು ಕೆಲವು ಒಂದು ಕಾಯಿಲೆಗೆ ಇಷ್ಟೇ ಅಂತ ಮೊತ್ತ ಇಟ್ಟು, ಅದು ತೀರಿದ ಮೇಲೆ ಕೈ ಎತ್ತುತ್ತವೆ. ಮೂರನೆಯ ಥರದಲ್ಲಿ ಮಿತಿ ಪ್ರತಿ ವರ್ಷ ಹೊಸದಾಗುತ್ತದೆ, ನವೀಕರಿಸುತ್ತಾ ಹೋದಷ್ಟು ದಿನ ಹಳೆಯ ಕಾಯಿಲೆಗೂ ಕೊಡುತ್ತಾರೆ. ಪ್ರೀಮಿಯಂ ಜಾಸ್ತಿ ಇದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ನಾನು ಆರಿಸಿದ್ದು ಮೂರನೆಯದನ್ನೇ.

ಬಿಲ್ ಪರೀಕ್ಷೆ ಮುಗಿದ ಮೇಲೆ ಉಳಿದ ಇಬ್ಬರು ಕಂಪನಿಯವರಿಗೆ ಈಮೇಲ್‌ನಲ್ಲಿ ಕೆಲವು ಪ್ರಶ್ನೆ ಕಳಿಸಿದೆ. ಫೋನಿನಲ್ಲಿ ಕೇಳಬಹುದಿತ್ತು, ಆದರೆ ಫೋನಿನ ಮಾತು ಕ್ಲೇಮಿನ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಒಂದು ಪ್ರಶ್ನೆ ಎಫ್‌ಐಪಿ ಬಗ್ಗೆ. ಇದು ಕೊರೋನಾ ಜಾತಿಯ ಒಂದು ಬೆಕ್ಕಿನ ವೈರಸ್ ರೂಪ ಬದಲಿಸಿಕೊಂಡಾಗ ಬರುವ ಕಾಯಿಲೆ, ಹೆಚ್ಚಾಗಿ ಎರಡು ವರ್ಷದೊಳಗಿನ ಬೆಕ್ಕುಗಳಿಗೇ. ಕೆಲವು ವರ್ಷಗಳ ಹಿಂದಿನವರೆಗೂ ಬಂದರೆ ಮುಗಿಯಿತು ಅನ್ನುವಂತಿತ್ತು. ಈಗ ಜಿಎಸ್-441524 ಎಂಬ ಔಷಧಿಯಿಂದ ಬಹಳಷ್ಟು ಬೆಕ್ಕುಗಳು ಗುಣವಾಗುತ್ತಿವೆ. ಸಾಮಾನ್ಯವಾಗಿ ಪಾಲಿಸಿಕೊಂಡು ಬಂದ ಕ್ರಮ 84 ದಿನದ್ದು. ಆದರೆ ಅನೇಕ ಕಡೆ ಅದನ್ನು ಔಷಧಾಲಯದಲ್ಲಿ ಬೇಕಾದಂತೆ ತಯಾರಿಸಿ ಕೊಡುತ್ತಾರೆ, ಕಂಪನಿಯ ಲೈಸೆನ್ಸ್ ಇರುವ ಮಾತ್ರೆಯಾಗಿ ಸಿಗುವುದಿಲ್ಲ. ಡಾಕ್ಟರು ಬರೆದುಕೊಟ್ಟ ಇಂಥ ಔಷಧಿಗೆ ದುಡ್ಡು ಕೊಡುತ್ತೀರಾ ಅಂತ ಕೇಳಿದೆ. ಒಬ್ಬರು ‘ಹೌದು’ ಅಂದರು, ಇನ್ನೊಬ್ಬರು ಷರತ್ತು ಓದಿ ಅಂತ ಕೊಂಡಿ ಕಳಿಸಿದರು. ಎರಡನೆಯವರನ್ನು ಅಲ್ಲಿಗೇ ಬಿಟ್ಟೆ.

ಹಲ್ಲಿನ ಬಗ್ಗೆಯೂ ಕೇಳಿದೆ. ಹಲ್ಲು ಮುರಿದರೆ ಮಾತ್ರವೋ, ವಸಡಿನ ಕಾಯಿಲೆಗೂ ಉಂಟೋ? ವರ್ಷಕ್ಕೊಮ್ಮೆ ಹಲ್ಲು ತೋರಿಸಿರಬೇಕು ಅನ್ನುವ ಷರತ್ತು ಇದೆಯೋ? ಗುಂಡ ಯಾವ ತಳಿಯೂ ಅಲ್ಲದ ಬೆರಕೆ ಬೆಕ್ಕು. ಮೇನ್ ಕೂನ್, ರಾಗ್‌ಡಾಲ್ ಸಾಕುವವರು ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ, ಪರ್ಷಿಯನ್ ಸಾಕುವವರು ಕಿಡ್ನಿಯಲ್ಲಿ ನೀರುಗುಳ್ಳೆ ಬರುವ ಕಾಯಿಲೆ ಸೇರಿದೆಯಾ ಅಂತ ಹೆಸರು ಹಿಡಿದೇ ಕೇಳಬೇಕು. ವಂಶದಿಂದ ಬರುವ ಕಾಯಿಲೆಯನ್ನು ಹೊರಗಿಡುವ ಪಾಲಿಸಿಗಳಿವೆ.

ಇನ್ನು ಯಾವಾಗ ತಗೊಳ್ಳಬೇಕು ಅನ್ನುವ ವಿಷಯ. ಡಾಕ್ಟರು ಬೆಕ್ಕಿನ ಫೈಲಿನಲ್ಲಿ ಬರೆಯುವ ಪ್ರತಿ ಸಾಲನ್ನೂ ಕ್ಲೇಮಿನ ಹೊತ್ತಿಗೆ ಕಂಪನಿ ಓದುತ್ತದೆ. ಮೊದಲೇ ಇದ್ದ ಕಾಯಿಲೆಗೆ ಯಾರೂ ದುಡ್ಡು ಕೊಡುವುದಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಹೆಸರಿಟ್ಟು ಪತ್ತೆ ಮಾಡಿರಬೇಕು ಅಂತೇನಿಲ್ಲ, ಲಕ್ಷಣ ಬರೆದಿದ್ದರೂ ಸಾಕು. ಮರಿಗಳು ಸೀನುವುದು ಸರ್ವೇಸಾಮಾನ್ಯ. ಹರ್ಪಿಸ್ ವೈರಸ್ ಒಮ್ಮೆ ಹೊಕ್ಕರೆ ಜೀವಮಾನ ಪೂರ್ತಿ ಮೈಯಲ್ಲೇ ಅಡಗಿರುತ್ತದೆ. ‘ಸೀನು, ಕಣ್ಣಲ್ಲಿ ನೀರು’ ಅಂತ ಮೊದಲೇ ಬರೆದಿದ್ದರೆ, ಮುಂದೆ ಕಣ್ಣಿನ ತೊಂದರೆ ಬಂದಾಗ ಆ ಸಾಲು ಎದುರಿಗೆ ಬರುತ್ತದೆ. ಪಾಲಿಸಿ ತಗೊಂಡ ಮೇಲೂ ಕಾಯುವ ಅವಧಿ ಇದೆ. ಅಪಘಾತಕ್ಕೆ ಕೆಲವೇ ದಿನ, ಕಾಯಿಲೆಗೆ ಹೆಚ್ಚಾಗಿ 14 ದಿನ. ಈ ಅವಧಿಯಲ್ಲಿ ಕಂಡದ್ದೂ ‘ಮೊದಲೇ ಇದ್ದದ್ದು’ ಆಗುತ್ತದೆ. ಅದಕ್ಕೇ ಗುಂಡ ಬರುವುದು ಖಚಿತವಾದ ಕೂಡಲೇ ಎಲ್ಲ ಓದಿ ಮುಗಿಸಿ, ಬಂದ ದಿನವೇ ಪಾಲಿಸಿ ಶುರು ಮಾಡಿದೆ. ಹಾಗಂತ ಕಾಯುವ ಅವಧಿ ಮುಗಿಯಲಿ ಅಂತ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಲಿಲ್ಲ. ಬೇಗ ಮಾಡಿಸಿದ ಪೂರ್ತಿ ತಪಾಸಣೆಯೇ ‘ಆರೋಗ್ಯವಾಗಿದೆ’ ಅನ್ನುವ ದಾಖಲೆ. ಆಮೇಲೆ ಒಂದು ಸಲ ಭೇದಿಯಾಗಿ ವಾಸಿಯಾದಾಗ, ‘ಪೂರ್ತಿ ವಾಸಿಯಾಗಿದೆ’ ಅಂತ ಫೈಲಿನಲ್ಲಿ ಬರೆಯಿರಿ ಡಾಕ್ಟ್ರೇ ಅಂತ ಕೇಳಿದೆ. ನಕ್ಕು ಬರೆದರು.

ಇನ್ನೊಂದು ಕೆಲಸ ಮಾಡಿದೆ, ಇದನ್ನು ಎಲ್ಲರೂ ಮಾಡಬೇಕು. ಪಾಲಿಸಿ ಬಂದ ಮೇಲೆ, ದಂಡವಿಲ್ಲದೆ ರದ್ದು ಮಾಡುವ ಗಡುವು ಮುಗಿಯುವ ಮೊದಲೇ, ಗುಂಡನ ಫೈಲನ್ನು ಕಂಪನಿಗೆ ಕಳಿಸಿ ‘ಇದರಲ್ಲಿ ಯಾವುದನ್ನು ಹೊರಗಿಡುತ್ತೀರಿ’ ಅಂತ ಲಿಖಿತವಾಗಿ ಕೇಳಿದೆ. ಉತ್ತರ ಹಿಡಿಸದಿದ್ದರೆ ದುಡ್ಡು ವಾಪಸ್ ತಗೊಳ್ಳುವ ದಾರಿ ಆಗ ತೆರೆದಿರುತ್ತದೆ.

ಲಸಿಕೆ ಕಾರ್ಡೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಲಸಿಕೆಯಿಂದ ತಡೆಯಬಹುದಾದ ಕಾಯಿಲೆ ಲಸಿಕೆ ಹಾಕಿಸದ ಬೆಕ್ಕಿಗೆ ಬಂದರೆ ಹಲವು ಪಾಲಿಸಿಗಳು ಕೊಡುವುದಿಲ್ಲ. ಅಂದರೆ ಕೇರ್ ಪ್ಲಾನ್ ಹಾಳೆಯಲ್ಲಿ ಒಂದು ಡೋಸ್ ತಪ್ಪಿದರೆ ಇನ್ಶೂರೆನ್ಸ್ ಹಾಳೆಯಲ್ಲಿ ತೂತು ಬೀಳುತ್ತದೆ.

ಇನ್ಶೂರೆನ್ಸ್ ಬೇಡ, ತಿಂಗಳು ತಿಂಗಳು ಅಷ್ಟೇ ದುಡ್ಡು ಬೇರೆ ಖಾತೆಯಲ್ಲಿಟ್ಟರೆ ಆಯಿತು ಅಂತ ಹೇಳುವವರಿದ್ದಾರೆ. ಕೆಲವು ವರ್ಷ ಏನೂ ಆಗದಿದ್ದರೆ ಅದು ಸರಿಯೇ. ದಾರ ನುಂಗುವ ವಯಸ್ಸಿನಲ್ಲಿ ಮಾತ್ರ ಆ ಖಾತೆಯಲ್ಲಿ ಎರಡು ಮೂರು ಕಂತು ಇರುತ್ತದೆ, ಅಷ್ಟೆ. ನಾನು ಎರಡನ್ನೂ ಮಾಡಿದೆ. ಡಿಡಕ್ಟಿಬಲ್ ಜಾಸ್ತಿ ಇಟ್ಟು ಪ್ರೀಮಿಯಂ ಇಳಿಸಿದೆ, ವರ್ಷದ ಮಿತಿಯನ್ನು ಮಾತ್ರ ದೊಡ್ಡದಾಗಿಯೇ ಇಟ್ಟೆ. ಉಳಿದದ್ದನ್ನು ಖಾತೆಗೆ ಹಾಕುತ್ತಿದ್ದೇನೆ. ಹೆಚ್ಚಿನ ಕಡೆ ಬಿಲ್ ನಾವೇ ಕಟ್ಟಿ ಆಮೇಲೆ ವಾಪಸ್ ಪಡೆಯಬೇಕಾದ್ದರಿಂದ ಆ ಖಾತೆ ಹೇಗೂ ಬೇಕು.

ಪ್ರೀಮಿಯಂ ಮುಂದೆ ಎಷ್ಟು ಏರುತ್ತದೆ ಅಂತ ತಿಳಿಯಲು ಒಂದು ಸುಲಭ ಉಪಾಯ ಇದೆ. ಅದೇ ಕಂಪನಿಯ ಫಾರಂನಲ್ಲಿ ಬೆಕ್ಕಿನ ವಯಸ್ಸು ಹತ್ತು ವರ್ಷ ಅಂತ ಹಾಕಿ ದರ ನೋಡಿ. ಹತ್ತು ವರ್ಷ ಆದಾಗ ನಮಗೆ ಅದೇ ದರ ಇರುವುದಿಲ್ಲ, ಆದರೆ ಏರು ಎಷ್ಟು ಕಡಿದು ಅಂತ ಅಂದಾಜು ಸಿಗುತ್ತದೆ. ನವೀಕರಣದ ಹೊತ್ತಿಗೆ ದರ ಏರಿತು ಅಂತ ಸಿಟ್ಟಿನಲ್ಲಿ ಕಂಪನಿ ಬದಲಿಸಿದರೆ, ಅಷ್ಟರವರೆಗೆ ಬಂದ ಕಾಯಿಲೆಗಳೆಲ್ಲ ಹೊಸ ಕಂಪನಿಗೆ ‘ಮೊದಲೇ ಇದ್ದದ್ದು’. ಕಾಯುವ ಅವಧಿಯೂ ಮತ್ತೆ ಮೊದಲಿಂದ. ಹಾಗಾಗಿ ದರ ಭಾರವಾದಾಗ ನಾನು ಕಂಪನಿ ಬಿಡುವ ಮೊದಲು ಡಿಡಕ್ಟಿಬಲ್ ಏರಿಸಿದರೆ ಎಷ್ಟಾಗುತ್ತದೆ ಅಂತ ಕೇಳುತ್ತೇನೆ. ಮುಂದೆ ಮತ್ತೆ ಇಳಿಸಲು ಬಿಡುತ್ತಾರಾ ಅನ್ನುವುದನ್ನೂ ಅದೇ ಈಮೇಲ್‌ನಲ್ಲಿ ಕೇಳುತ್ತೇನೆ.